ನೋವಿಲ್ಲದೆ ಬಂದ ಎರಡನೇ ಸೋಂಕು: ಹರ್ಪಿಸ್ ಹುಣ್ಣಿನ ಮೇಲೆ ಬ್ಯಾಕ್ಟೀರಿಯಾ ಸೇರಿಕೊಂಡ ಒಂದು ಪ್ರಕರಣ

ರೋಗಿ 52 ವರ್ಷದ ಮಹಿಳೆ. ಬಲಗಣ್ಣು ನಾಲ್ಕು ದಿನದಿಂದ ಕೆಂಪಾಗಿದೆ, ನೀರು ಸುರಿಯುತ್ತಿದೆ, ಬೆಳಕಿಗೆ ಕಣ್ಣು ಬಿಡಲಾಗುತ್ತಿಲ್ಲ ಎಂದು ಬಂದಿದ್ದರು. ಎಡಗಣ್ಣು ತಿಳಿಯಾಗಿತ್ತು. ಎರಡು ವರ್ಷದ ಹಿಂದೆ ಇದೇ ಬಲಗಣ್ಣಿನಲ್ಲಿ ಹುಣ್ಣಾಗಿ, ಮುಲಾಮು ಹಚ್ಚಿದ ಮೇಲೆ ವಾಸಿಯಾಗಿತ್ತಂತೆ. ಹಿಂದಿನ ವಾರ ಜ್ವರ ಬಂದಾಗ ತುಟಿಯಂಚಿನಲ್ಲಿ ಎದ್ದಿದ್ದ ಗುಳ್ಳೆಗಳು ಒಣಗಿ ಹಕ್ಕಳೆ ಕಟ್ಟಿದ್ದವು. ಮಧುಮೇಹವಿಲ್ಲ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲ, ಕಣ್ಣಿಗೆ ಪೆಟ್ಟೂ ಬಿದ್ದಿರಲಿಲ್ಲ. ಅವರ ಗುರುತು ಹತ್ತುವಂಥ ವಿವರಗಳನ್ನೆಲ್ಲ ಇಲ್ಲಿ ಬಿಟ್ಟಿದ್ದೇನೆ.

ಕೆಂಪುಗಣ್ಣು ಎಂದ ಕೂಡಲೇ ಎಲ್ಲರ ಬಾಯಿಗೂ ಬರುವ ಹೆಸರು ಮದ್ರಾಸ್ ಐ. ಅದನ್ನು ತರುವುದು ಹೆಚ್ಚಾಗಿ ಅಡಿನೋವೈರಸ್, ಕೆಲವೊಮ್ಮೆ ಎಂಟರೋವೈರಸ್. ಅದು ಒಂದು ಕಣ್ಣಿನಲ್ಲಿ ಶುರುವಾಗಿ ಕೆಲವೇ ದಿನಗಳಲ್ಲಿ ಇನ್ನೊಂದಕ್ಕೂ ಹರಡುವುದು ವಾಡಿಕೆ. ಮನೆಯಲ್ಲೋ ಕೆಲಸದ ಜಾಗದಲ್ಲೋ ಇನ್ನೊಬ್ಬರಿಗೆ ಬಂದಿರುತ್ತದೆ. ಕಿವಿಯ ಮುಂದೆ ಒಂದು ಗಂಟು ಕೈಗೆ ಸಿಗುತ್ತದೆ, ಮುಟ್ಟಿದರೆ ನೋಯುತ್ತದೆ. ಇವರಲ್ಲಿ ಇದಾವುದೂ ಇರಲಿಲ್ಲ. ಒಂದೇ ಕಣ್ಣು, ಹಿಂದೆಯೂ ಅದೇ ಕಣ್ಣು, ಜೊತೆಗೆ ತುಟಿಯ ಗುಳ್ಳೆ. ಈ ಮೂರೂ ಕೂಡಿದಾಗ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಅನುಮಾನ ಮೊದಲು ಬರಬೇಕು. ಮೊದಲ ಸಲ ಸೋಂಕಿದ ಮೇಲೆ ಈ ವೈರಸ್ ಮೈಬಿಟ್ಟು ಹೋಗುವುದೇ ಇಲ್ಲ. ಮುಖದ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ನರದ ಗಂಟಿನಲ್ಲಿ ಸುಮ್ಮನೆ ಕೂತಿದ್ದು, ಜ್ವರವೋ ಒತ್ತಡವೋ ಬಂದಾಗ ನರದ ದಾರಿಯಲ್ಲೇ ಕೆಳಗಿಳಿದು ತುಟಿಗೋ ಕಣ್ಣಿಗೋ ತಲುಪುತ್ತದೆ.

ಸ್ಲಿಟ್ ಲ್ಯಾಂಪಿನಲ್ಲಿ, ಅಂದರೆ ಕಣ್ಣು ನೋಡುವ ಸೂಕ್ಷ್ಮದರ್ಶಕದಲ್ಲಿ, ನೋಡುವ ಮೊದಲೇ, ಅರಿವಳಿಕೆಯ ಹನಿಯನ್ನೂ ಹಾಕದೆ, ಒಂದು ಸಣ್ಣ ಪರೀಕ್ಷೆ ಮಾಡಬೇಕು. ಹತ್ತಿಯ ತುದಿಯನ್ನು ಬೆರಳಲ್ಲಿ ಹೊಸೆದು ಕೂದಲೆಳೆಯಷ್ಟು ಸಪೂರ ಮಾಡಿ, ರೋಗಿಗೆ ಕಾಣದ ಹಾಗೆ ಪಕ್ಕದಿಂದ ತಂದು ಕಾರ್ನಿಯಾಗೆ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ, ತಾಗಿಸುವುದು. ಎದುರಿನಿಂದ ತಂದರೆ ಕಂಡ ಭಯಕ್ಕೇ ಕಣ್ಣು ಮುಚ್ಚುತ್ತದೆ, ಪರೀಕ್ಷೆ ಹಾಳು. ಎಡಗಣ್ಣಿಗೆ ಎಳೆ ತಾಗುತ್ತಿದ್ದಂತೆ ರೆಪ್ಪೆ ಪಟ್ಟನೆ ಮುಚ್ಚಿತು. ಬಲಗಣ್ಣಿನಲ್ಲಿ ರೆಪ್ಪೆ ಮುಚ್ಚಿತಾದರೂ ತಡವಾಗಿ, ಅರೆಮನಸ್ಸಿನಿಂದ ಎಂಬಂತೆ. 'ಈಗ ಏನಾದರೂ ತಾಗಿತಾ ಅಮ್ಮಾ?' ಎಂದರೆ 'ತಾಗಿದ ಹಾಗಾಯ್ತು' ಎಂದರು. ಹರ್ಪಿಸ್ ಬಂದು ಹೋದ ಕಾರ್ನಿಯಾ ಜಡವಾಗಿರುತ್ತದೆ. ಈ ಪ್ರಕರಣದ ಎಲ್ಲ ತಿರುವುಗಳೂ ಹುಟ್ಟಿದ್ದು ಆ ಜಡತ್ವದಿಂದ, ಹಾಗಾಗಿ ಅದನ್ನು ಇಷ್ಟು ವಿವರವಾಗಿ ಬರೆದೆ.

ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಕವಲೊಡೆದ ಹುಣ್ಣು ಹಸಿರಾಗಿ ಹೊಳೆಯಿತು. ಕವಲುಗಳ ತುದಿ ಗುಂಡಗೆ ಉಬ್ಬಿತ್ತು. ಇದು ಡೆಂಡ್ರೈಟಿಕ್ ಹುಣ್ಣು, ಹರ್ಪಿಸ್‌ನ ಸಹಿ ಇದ್ದಂತೆ. ದೃಷ್ಟಿ 6/18, ಅಂದರೆ ಸರಿಯಾದ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರ ಇವರಿಗೆ 6 ಮೀಟರ್ ದೂರದಲ್ಲಷ್ಟೇ ಕಾಣುತ್ತಿತ್ತು. ಶೇ. 3ರ ಅಸೈಕ್ಲೋವಿರ್ ಮುಲಾಮು ದಿನಕ್ಕೆ ಐದು ಸಲ, ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು, ನಾಲ್ಕನೇ ದಿನ ಮತ್ತೆ ತೋರಿಸಬೇಕು ಎಂಬ ಸೂಚನೆ. ಆ್ಯಂಟಿಬಯಾಟಿಕ್ ಕೊಡಲಿಲ್ಲ, ಆ ಹಂತದಲ್ಲಿ ಅದರ ಕೆಲಸ ಏನೂ ಇರಲಿಲ್ಲ. ಇಲ್ಲಿಯವರೆಗೆ ಎಲ್ಲವೂ ನೇರವಾದ ದಾರಿ.

ನಾಲ್ಕನೇ ದಿನ ಅವರು ಬರಲಿಲ್ಲ. ಬಂದದ್ದು ಹನ್ನೆರಡನೇ ದಿನ, ಮಗಳ ಜೊತೆ.

'ಚುಚ್ಚೋದು ಪೂರ್ತಿ ನಿಂತುಹೋಗಿದೆ ಡಾಕ್ಟ್ರೇ. ಬೆಳಗ್ಗೆ ಎದ್ದಾಗ ರೆಪ್ಪೆ ಅಂಟ್ಕೊಂಡಿರುತ್ತೆ, ಅಷ್ಟೇ. ಕಣ್ಣಲ್ಲಿ ಹೂ ಬಿದ್ದಿದೆ ಅಂತ ಇವಳು ಎಳಕೊಂಡು ಬಂದಳು.'

ನಡುವಿನ ದಿನಗಳಲ್ಲಿ ಏನಾಯಿತೆಂಬುದು ನಿಧಾನವಾಗಿ ಹೊರಬಂತು. ಮುಲಾಮು ಹಾಕಿದರೆ ಮಂಜು ಮಂಜಾಗಿ ಕಾಣುತ್ತದೆಂದು ಅದನ್ನು ರಾತ್ರಿ ಒಂದು ಹೊತ್ತಿಗೆ ಇಳಿಸಿದ್ದರು. ಮೂರನೇ ದಿನ ಬೆಳಕಿನ ಕಿರಿಕಿರಿ ಕಡಿಮೆಯಾಯಿತು, ಕೆಂಪು ಮಾತ್ರ ಹಾಗೇ ಇತ್ತು. ಮನೆಯಲ್ಲಿ ಇನ್ನೊಬ್ಬರ ಪೊರೆ ಆಪರೇಷನ್‌ಗೆ ತಂದಿದ್ದ ಹನಿಯ ಬಾಟಲಿ ಉಳಿದಿತ್ತು. ಅದರಲ್ಲಿ ಮಾಕ್ಸಿಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಮತ್ತು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಎರಡೂ ಇದ್ದವು. ಬಾಟಲಿ ತೆರೆದು ತಿಂಗಳುಗಳೇ ಕಳೆದಿದ್ದವು. 'ಆ್ಯಂಟಿಬಯಾಟಿಕ್ ಇದೆಯಲ್ಲ ಸರ್, ಇನ್ಫೆಕ್ಷನ್‌ಗೆ ಒಳ್ಳೇದೇ ಅಂದ್ಕೊಂಡ್ವಿ' ಎಂದರು ಮಗಳು. ಹನಿ ಹಾಕಿದ ಎರಡೇ ದಿನಕ್ಕೆ ಕೆಂಪು ಇಳಿಯಿತು. ಕೆಂಪೂ ಇಲ್ಲ, ನೋವೂ ಇಲ್ಲ, ಇನ್ನು ಆಸ್ಪತ್ರೆಗೆ ಯಾಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನಾನು ಆ ಮನೆಯವರನ್ನು ದೂರಲಾರೆ. ಕಣ್ಣು ಕೊಡುತ್ತಿದ್ದ ಎರಡು ಸೂಚನೆಗಳೂ ಸುಳ್ಳಾಗಿದ್ದವು: ಕೆಂಪನ್ನು ಸ್ಟೀರಾಯ್ಡ್ ಅಳಿಸಿತ್ತು, ನೋವನ್ನು ವೈರಸ್ ಮೊದಲೇ ಅಳಿಸಿತ್ತು.

ಈ ಸಲ ಕಂಡದ್ದು ಬೇರೆಯೇ ಚಿತ್ರ. ದೃಷ್ಟಿ ಒಂದು ಮೀಟರ್ ದೂರದಲ್ಲಿ ಬೆರಳೆಣಿಸುವಷ್ಟಕ್ಕೆ ಇಳಿದಿತ್ತು. ರೆಪ್ಪೆ ಸ್ವಲ್ಪ ಊದಿ, ರೆಪ್ಪೆಗೂದಲ ಬುಡದಲ್ಲಿ ಹಳದಿ ಗೀಜು ಮೆತ್ತಿಕೊಂಡಿತ್ತು. ಕಾರ್ನಿಯಾದ ಮಧ್ಯಕ್ಕಿಂತ ತುಸು ಕೆಳಗೆ 4.5 ಮಿ.ಮೀ. ಅಗಲದ ಹುಣ್ಣು. ಅದರ ಕೆಳಭಾಗದ ಅಂಚು ಭೂಪಟದ ಕರಾವಳಿಯಂತೆ ಅಂಕುಡೊಂಕಾಗಿ, ತೆಳ್ಳಗೆ ಬೂದು ಬಣ್ಣದಲ್ಲಿತ್ತು; ಕವಲುಹುಣ್ಣು ಸ್ಟೀರಾಯ್ಡ್ ಸಿಕ್ಕಿ ಹರಡಿದಾಗ ಆಗುವ ಜಿಯೋಗ್ರಾಫಿಕ್ ಹುಣ್ಣು ಅದು. ಮೇಲ್ಭಾಗ ಹಾಗಿರಲಿಲ್ಲ. ಅಲ್ಲಿ 2.5 ಮಿ.ಮೀ.ನಷ್ಟು ಜಾಗದಲ್ಲಿ ದಟ್ಟ ಹಳದಿಮಿಶ್ರಿತ ಬಿಳಿ ಮಚ್ಚೆ ಕಾರ್ನಿಯಾದ ದಪ್ಪ ನಡುಪದರವಾದ ಸ್ಟ್ರೋಮಾದೊಳಕ್ಕೆ ಇಳಿದಿತ್ತು, ಸುತ್ತಲಿನ ಪದರ ನೀರು ಕುಡಿದು ಮಬ್ಬಾಗಿತ್ತು. ಕಾರ್ನಿಯಾದ ಹಿಂದಿನ ಕೋಣೆಯ ತಳದಲ್ಲಿ 1 ಮಿ.ಮೀ. ಎತ್ತರಕ್ಕೆ ಕೀವು ಮಟ್ಟವಾಗಿ ನಿಂತಿತ್ತು, ಅದೇ ಹೈಪೋಪಿಯಾನ್. ಹತ್ತಿಯ ಎಳೆ ಈಗ ತಾಗಿದರೂ ರೆಪ್ಪೆ ಮಿಸುಕಲೇ ಇಲ್ಲ.

ಒಂದೇ ಹುಣ್ಣಿನಲ್ಲಿ ಎರಡು ಬಗೆಯ ಅಂಚು ಕಂಡರೆ ಎರಡು ಕಾರಣ ಹುಡುಕಬೇಕು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಚಿಹ್ನೆ ಅದೇ, ಗೀಜೂ ಅಲ್ಲ, ಹೈಪೋಪಿಯಾನೂ ಅಲ್ಲ. ಗೀಜಿನ ಬಣ್ಣ ನೋಡಿ ಬ್ಯಾಕ್ಟೀರಿಯಾ ಎನ್ನುವಂತಿಲ್ಲ. ಮದ್ರಾಸ್ ಐನಲ್ಲೂ ರಾತ್ರಿಯಿಡೀ ಮುಚ್ಚಿದ ಕಣ್ಣಿನಲ್ಲಿ ಗೀಜು ಕಟ್ಟುತ್ತದೆ, ಅಷ್ಟಕ್ಕೇ ಆ್ಯಂಟಿಬಯಾಟಿಕ್ ಸುರಿಯುವುದು ತಪ್ಪು. ಹೈಪೋಪಿಯಾನ್ ಕೂಡ ಬ್ಯಾಕ್ಟೀರಿಯಾದ ಸೊತ್ತಲ್ಲ. ಹರ್ಪಿಸ್ ಸ್ಟ್ರೋಮಾದೊಳಗೆ ಇಳಿದು ಅಂಗಾಂಶವನ್ನು ಕೊಳೆಸುವಾಗ ಅದೊಂದೇ ಇದನ್ನೂ ಮಾಡಬಲ್ಲದು. ಆದರೂ ಇಂಥ ಕಣ್ಣಿನಲ್ಲಿ ಹೈಪೋಪಿಯಾನ್ ಕಂಡರೆ, ಇಲ್ಲವೆಂದು ಲ್ಯಾಬ್ ಹೇಳುವವರೆಗೆ ಬ್ಯಾಕ್ಟೀರಿಯಾ ಇದೆ ಎಂದೇ ನಡೆಯಬೇಕು. ತಡವಾದರೆ ಕಾರ್ನಿಯಾ ಕರಗಿ ತೂತಾಗುತ್ತದೆ.

ಬ್ಯಾಕ್ಟೀರಿಯಾ ಹೊರಗಿನಿಂದ ಬರಬೇಕಾಗಿಯೂ ಇಲ್ಲ. ರೆಪ್ಪೆಯಂಚಿನಲ್ಲಿ ಸ್ಟಫೈಲೋಕಾಕಸ್, ಕೋರಿನಿಬ್ಯಾಕ್ಟೀರಿಯಂ ಮೊದಲಾದವು ಎಲ್ಲರಲ್ಲೂ ಬದುಕಿರುತ್ತವೆ. ಕಣ್ಣೀರಿನಲ್ಲಿರುವ ಲೈಸೋಜೈಮ್, ಲ್ಯಾಕ್ಟೋಫೆರಿನ್, ಇಮ್ಯುನೋಗ್ಲಾಬ್ಯುಲಿನ್ ಎ ಅವುಗಳನ್ನು ಹದ್ದುಬಸ್ತಿನಲ್ಲಿಡುತ್ತವೆ, ಪ್ರತಿ ಸಲ ರೆಪ್ಪೆ ಬಡಿದಾಗಲೂ ಒಂದಿಷ್ಟು ಗುಡಿಸಿಹೋಗುತ್ತವೆ. ಎಲ್ಲಕ್ಕಿಂತ ದೊಡ್ಡ ಅಡ್ಡಗೋಡೆ ಕಾರ್ನಿಯಾದ ಎಪಿಥೀಲಿಯಂ. ಸುಮಾರು 50 ಮೈಕ್ರಾನ್ ದಪ್ಪದ ಈ ಮೇಲ್ಪದರ ಇಡಿಯಾಗಿದ್ದರೆ ಅದನ್ನು ತೂರಿಹೋಗುವ ತಾಕತ್ತು ಗೊನೋಕಾಕಸ್‌ನಂಥ ಬೆರಳೆಣಿಕೆಯ ಬ್ಯಾಕ್ಟೀರಿಯಾಗಳಿಗೆ ಮಾತ್ರ. ಉಳಿದವಕ್ಕೆ ಎಲ್ಲಾದರೂ ಬಿರುಕು ಬೇಕು. ಹರ್ಪಿಸ್ ಆ ಪದರವನ್ನೇ ಹರಿಯುತ್ತದೆ. ಜೊತೆಗೆ ನರವನ್ನು ಕೆಡಿಸುವುದರಿಂದ ರೆಪ್ಪೆ ಬಡಿಯುವುದು ಕಡಿಮೆ, ಕಣ್ಣೀರು ಸುರಿಯುವುದು ಕಡಿಮೆ, ಮೇಲ್ಪದರದ ಕೋಶಗಳಿಗೆ ನರದಿಂದ ಸಿಗುವ, ಬೆಳವಣಿಗೆಗೆ ಬೇಕಾದ ಅಂಶಗಳೂ ಕಡಿಮೆ. ಇದರ ಮೇಲೆ ಒಂಬತ್ತು ದಿನ ಬಿದ್ದ ಡೆಕ್ಸಾಮೆಥಾಸೋನ್ ವೈರಸ್‌ಗೆ ಬೆಳೆಯಲು ಬಿಟ್ಟಿತು, ಬಿಳಿರಕ್ತಕಣಗಳ ಕೈ ಕಟ್ಟಿತು. ಬ್ಯಾಕ್ಟೀರಿಯಾಗೆ ಇದಕ್ಕಿಂತ ಸುಲಭವಾದ ಜಾಗ ಸಿಗುವುದಿಲ್ಲ.

ಹಾಗಾದರೆ ಬಾಟಲಿಯಲ್ಲಿದ್ದ ಮಾಕ್ಸಿಫ್ಲಾಕ್ಸಸಿನ್ ಏನು ಮಾಡುತ್ತಿತ್ತು? ಮಗಳು ಕೇಳಿದ ಪ್ರಶ್ನೆಯೇ ಇದು, ನ್ಯಾಯವಾದ ಪ್ರಶ್ನೆ. ಉತ್ತರ ಲ್ಯಾಬಿನಿಂದ ಬಂತು.

ಮಾದರಿ ತೆಗೆಯುವಲ್ಲಿ ಕ್ರಮ ತಪ್ಪಬಾರದು. ಫ್ಲೋರೆಸಿನ್, ರೋಸ್ ಬೆಂಗಾಲ್ ಬಣ್ಣಗಳು ವೈರಸ್‌ನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯನ್ನು ಕೆಡಿಸಬಹುದು, ಹಾಗಾಗಿ ಪಿಸಿಆರ್ ಸ್ವಾಬನ್ನು ಬಣ್ಣ ಹಾಕುವ ಮೊದಲೇ ಜಿಯೋಗ್ರಾಫಿಕ್ ಅಂಚಿನಿಂದ ತೆಗೆದಾಯಿತು. ಆಮೇಲೆ ಬ್ಯಾಕ್ಟೀರಿಯಾಗೆಂದು ಕೆರೆಯುವುದು. ಅರಿವಳಿಕೆಯ ಪ್ರೊಪಾರಕೇನ್ ಹನಿ ಹಾಕಿ, ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ, ಕಿಮುರಾ ಸ್ಪ್ಯಾಚುಲಾದಿಂದ ಮೊದಲು ಮೇಲೆ ಮೆತ್ತಿಕೊಂಡ ಲೋಳೆ, ಸತ್ತ ಪದರ ಎತ್ತಿ ಬದಿಗಿಡಬೇಕು. ಅದರಲ್ಲಿ ಸಿಗುವುದು ಬರೀ ಕಸ. ಆನಂತರ ಬಿಳಿ ಮಚ್ಚೆಯ ಅಂಚು ಮತ್ತು ತಳದಿಂದ ಕೆರೆದು ತೆಗೆದದ್ದು ನಿಜವಾದ ಮಾದರಿ. ಎರಡು ಗಾಜಿನ ಪಟ್ಟಿ, ಒಂದು ಬ್ಯಾಕ್ಟೀರಿಯಾಗೆ ಬಣ್ಣ ಕೊಟ್ಟು ಗುರುತಿಸುವ ಗ್ರಾಂ ಸ್ಟೈನ್‌ಗೆ, ಇನ್ನೊಂದು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗೆ, ಶಿಲೀಂಧ್ರ ಹುಡುಕಲು. ಉಳಿದದ್ದು ಬ್ಲಡ್ ಅಗಾರ್, ಚಾಕೊಲೇಟ್ ಅಗಾರ್, ಸಬೊರೋ ಅಗಾರ್ ಎಂಬ, ಕ್ರಿಮಿಗಳನ್ನು ಬೆಳೆಸಿ ನೋಡುವ ತಟ್ಟೆಗಳಿಗೆ. ತಟ್ಟೆಯ ಮೇಲೆ ಮಾದರಿಯನ್ನು ಇಂಗ್ಲಿಷಿನ 'ಸಿ' ಅಕ್ಷರದ ಆಕಾರದಲ್ಲಿ ಎಳೆಯುತ್ತೇವೆ. ಬೆಳೆ ಆ ಗೆರೆಯ ಮೇಲೇ ಎದ್ದರೆ ಅದು ಹುಣ್ಣಿನಿಂದ ಬಂದದ್ದು. ಗೆರೆಯಾಚೆ ಎದ್ದರೆ ಗಾಳಿಯಿಂದಲೋ ಕೈಯಿಂದಲೋ ಬಿದ್ದದ್ದು.

ಕೆರೆಯುವಾಗ ಅವರು ಕದಲದೆ ಕೂತಿದ್ದರು. ಅರಿವಳಿಕೆ ಹಾಕದಿದ್ದರೂ ಹಾಗೇ ಕೂರುತ್ತಿದ್ದರೇನೋ.

ಗ್ರಾಂ ಸ್ಟೈನ್‌ನಲ್ಲಿ ಗೊಂಚಲು ಗೊಂಚಲಾಗಿ ನೇರಳೆ ಬಣ್ಣದ ಗುಂಡುಕಣಗಳು, ಜೊತೆಗೆ ರಾಶಿ ಬಿಳಿರಕ್ತಕಣ. ಶಿಲೀಂಧ್ರದ ಎಳೆಗಳಿಲ್ಲ, ಅಕಾಂತಮೀಬಾ ಎಂಬ ಏಕಕೋಶ ಜೀವಿಯ ಸಿಸ್ಟ್‌ಗಳೂ (ಗಟ್ಟಿ ಕವಚದ ರೂಪ) ಇಲ್ಲ. ಈ ಎರಡನೆಯದನ್ನು ಹುಡುಕಲೇಬೇಕಿತ್ತು, ಯಾಕೆಂದರೆ ಅಕಾಂತಮೀಬಾ ಆರಂಭದಲ್ಲಿ ಕವಲುಹುಣ್ಣಿನಂತೆಯೇ ಕಂಡು ಹರ್ಪಿಸ್ ಎಂದು ಮೋಸ ಮಾಡುವುದುಂಟು. ಮರುದಿನ 'ಸಿ' ಗೆರೆಯುದ್ದಕ್ಕೂ ಕಾಲೊನಿಗಳು ಎದ್ದವು. ಸ್ಟಫೈಲೋಕಾಕಸ್ ಆರಿಯಸ್. ಸೆಫಾಜೋಲಿನ್, ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗುವಂಥದ್ದು, ಮಾಕ್ಸಿಫ್ಲಾಕ್ಸಸಿನ್ ಸೇರಿದ ಇಡೀ ಫ್ಲೋರೋಕ್ವಿನೋಲೋನ್ ಗುಂಪಿಗೆ ಜಗ್ಗದ್ದು. ಮಗಳ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಬಾಟಲಿಯ ಆ್ಯಂಟಿಬಯಾಟಿಕ್ ತನಗೆ ಸೋಲುವ ಬ್ಯಾಕ್ಟೀರಿಯಾಗಳನ್ನಷ್ಟೇ ಕೊಂದಿರಬೇಕು, ಸೋಲದ ಇದಕ್ಕೆ ಜಾಗ ಖಾಲಿಯಾಯಿತು. ಎರಡು ಮದ್ದು ಬೆರೆತ ಬಾಟಲಿಯಲ್ಲಿ ಸ್ಟೀರಾಯ್ಡ್‌ನ ಕೆಲಸ ಖಚಿತ, ಆ್ಯಂಟಿಬಯಾಟಿಕ್‌ನ ಕೆಲಸ ಅದೃಷ್ಟ. ಪಿಸಿಆರ್‌ನಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ 1ರ ಡಿಎನ್‌ಎ ಸಿಕ್ಕಿತು. ರೋಗವಿಲ್ಲದವರ ಕಣ್ಣೀರಿನಲ್ಲೂ ಈ ಡಿಎನ್‌ಎ ಆಗೀಗ ಸಿಗುವುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಆದರೆ ಹುಣ್ಣಿನ ಅಂಚು, ಹಿಂದಿನ ಚರಿತ್ರೆ, ಜಡ ಕಾರ್ನಿಯಾ ಎಲ್ಲ ಒಂದೇ ಕಡೆ ಬೆರಳು ತೋರುವಾಗ ಅನುಮಾನಕ್ಕೆ ಎಡೆಯಿರಲಿಲ್ಲ.

ಲ್ಯಾಬಿನ ಪೂರ್ಣ ವರದಿಗೆ ಕಾಯದೆ, ಗ್ರಾಂ ಸ್ಟೈನ್ ನೋಡಿದ ಗಂಟೆಯಲ್ಲೇ ಚಿಕಿತ್ಸೆ ಶುರುವಾಗಿತ್ತು. ಮನೆಯ ಬಾಟಲಿ ಆ ಕ್ಷಣದಿಂದ ಬಂದ್. ಸೆಫಾಜೋಲಿನ್‌ನ ಕಣ್ಣಿನ ಹನಿ ಸಿದ್ಧವಾಗಿ ಸಿಗುವುದಿಲ್ಲ; ಇಂಜೆಕ್ಷನ್ನಿನ 500 ಮಿ.ಗ್ರಾಂ. ಪುಡಿಯನ್ನು 10 ಮಿ.ಲೀ. ಆಗುವಂತೆ ಕರಗಿಸಿದರೆ ಶೇ. 5ರ ದ್ರಾವಣ. ಅದನ್ನು ಫ್ರಿಜ್ಜಿನಲ್ಲಿಟ್ಟು, ಬಣ್ಣ ಹಳದಿಗೆ ತಿರುಗಿದರೆ ಎಸೆದು ಹೊಸದು ಮಾಡಬೇಕು. ಇದು ಗಂಟೆಗೊಂದು ಹನಿ, ಜೊತೆಗೆ ಶೇ. 0.5ರ ಮಾಕ್ಸಿಫ್ಲಾಕ್ಸಸಿನ್ ಗಂಟೆಗೊಂದು ಹನಿ, ಎರಡರ ನಡುವೆ ಐದು ನಿಮಿಷದ ಅಂತರ, ಮೊದಲ 48 ಗಂಟೆ ರಾತ್ರಿಯೂ ಬಿಡದೆ. ಅದಕ್ಕಾಗಿಯೇ ಒಳರೋಗಿಯಾಗಿ ಸೇರಿಸಿಕೊಂಡದ್ದು. ಜಗ್ಗದ ಬ್ಯಾಕ್ಟೀರಿಯಾ ಎಂದು ಗೊತ್ತಾದ ಕೂಡಲೇ ಮಾಕ್ಸಿಫ್ಲಾಕ್ಸಸಿನ್ ನಿಲ್ಲಿಸಿದೆವು. ಪಾಪೆ ಹಿಗ್ಗಿಸುವ ಹೋಮಾಟ್ರೋಪಿನ್ ಹನಿ ದಿನಕ್ಕೆ ಮೂರು ಸಲ. ಕಣ್ಣೀರಿನ ಚೀಲ ಒತ್ತಿದಾಗ ಕೀವು ಮೇಲೆ ಬರಲಿಲ್ಲ, ಅಲ್ಟ್ರಾಸೌಂಡ್‌ನಲ್ಲಿ ಹಿಂಭಾಗ ಶುದ್ಧವಾಗಿತ್ತು, ಕಣ್ಣಿನ ಒತ್ತಡ ಸರಿಯಾಗಿತ್ತು. ಹೈಪೋಪಿಯಾನ್‌ಗೆ ಸೂಜಿ ಹಾಕಲಿಲ್ಲ. ಬ್ಯಾಕ್ಟೀರಿಯಾ ಹುಣ್ಣಿನಲ್ಲಿ ಒಳಗಿನ ಡೆಸಿಮೆಟ್ ಪದರ ಗಟ್ಟಿಯಾಗಿರುವವರೆಗೆ ಆ ಕೀವಿನಲ್ಲಿ ಸಾಮಾನ್ಯವಾಗಿ ಕ್ರಿಮಿ ಇರುವುದಿಲ್ಲ. ಚುಚ್ಚಿದರೆ ನಾವೇ ದಾರಿ ಮಾಡಿಕೊಟ್ಟಂತೆ.

ವೈರಸ್‌ಗೆ ಏನು ಕೊಡಬೇಕೆಂಬುದರಲ್ಲಿ ಒಂದು ಆಯ್ಕೆ ಇತ್ತು. ಮುಲಾಮನ್ನೇ ಮುಂದುವರಿಸಬಹುದಿತ್ತು. ಆದರೆ ಗಂಟೆಗೊಂದು ಕಟುವಾದ ಹನಿ ಬೀಳುತ್ತಿರುವ ಕಣ್ಣಿನ ಮೇಲೆ ಇನ್ನೊಂದು ಮದ್ದು ಹೇರಿದರೆ ಉಳಿದ ಮೇಲ್ಪದರವೂ ಸುಟ್ಟುಹೋಗುತ್ತದೆ. ಬ್ಯಾಕ್ಟೀರಿಯಾಗೆ ಬೇಕಾದ ಮದ್ದು ಕಣ್ಣಿನ ಮೇಲೇ ಬೀಳಬೇಕು. ವೈರಸ್‌ನದ್ದು ಹೊಟ್ಟೆಯ ಮೂಲಕವೂ ತಲುಪುತ್ತದೆ. ಮೂತ್ರಪಿಂಡದ ಕೆಲಸ ಸರಿಯಿದೆಯೆಂದು ರಕ್ತಪರೀಕ್ಷೆಯಲ್ಲಿ ನೋಡಿಕೊಂಡು, ಅಸೈಕ್ಲೋವಿರ್ 400 ಮಿ.ಗ್ರಾಂ. ಮಾತ್ರೆ ದಿನಕ್ಕೆ ಐದು ಸಲ ಕೊಟ್ಟೆವು. ಎರಡು ಸೋಂಕು ಒಟ್ಟಿಗಿರುವಾಗ ಮದ್ದಿನ ಹೊರೆಯನ್ನು ಹೀಗೆ ಹಂಚುವುದು ನನಗೆ ತುಂಬ ಮುಖ್ಯವೆನ್ನಿಸುತ್ತದೆ. ಬ್ಯಾಕ್ಟೀರಿಯಾ ಸಿಕ್ಕಿತೆಂದು ವೈರಸ್‌ನ ಮದ್ದು ಬಿಡುವುದೂ ತಪ್ಪು, ಎರಡನ್ನೂ ಕಣ್ಣಿಗೇ ಸುರಿಯುವುದೂ ತಪ್ಪು.

48 ಗಂಟೆಗೆ ಕಣ್ಣು ಸುಧಾರಿಸಿದಂತೆ ಕಾಣಲಿಲ್ಲ, ಕೆಡಲೂ ಇಲ್ಲ. ಅನುಭವವಿಲ್ಲದವರು ಇಲ್ಲಿ ಗಾಬರಿಯಾಗಿ ಮದ್ದು ಬದಲಿಸುತ್ತಾರೆ. ಮೊದಲ ಎರಡು ದಿನದಲ್ಲಿ ನೋಡಬೇಕಾದದ್ದು ಹುಣ್ಣಿನ ಗಾತ್ರವನ್ನಲ್ಲ, ಮಚ್ಚೆಯ ಅಂಚನ್ನು. ಹರಡುತ್ತಿರುವ ಮಚ್ಚೆಯ ಅಂಚು ಉಣ್ಣೆಯಂತೆ ಕೆದರಿರುತ್ತದೆ, ಸೋಲುತ್ತಿರುವುದರ ಅಂಚು ಮೊಂಡಾಗಿ, ಗೆರೆ ಎಳೆದಂತೆ ತಿಳಿಯಾಗುತ್ತದೆ. ಇಲ್ಲಿ ಅಂಚು ಮೊಂಡಾಗಿತ್ತು, ಗೀಜು ನಿಂತಿತ್ತು. ಐದನೇ ದಿನ ಹೈಪೋಪಿಯಾನ್ ಮಾಯ, ಮಚ್ಚೆ 1.5 ಮಿ.ಮೀ.ಗೆ ಇಳಿಯಿತು. ಹನಿಯನ್ನು ಎರಡು ಗಂಟೆಗೊಮ್ಮೆ, ಆಮೇಲೆ ನಾಲ್ಕು ಗಂಟೆಗೊಮ್ಮೆ ಮಾಡಿ ಮನೆಗೆ ಕಳಿಸಿದೆವು.

ಎರಡನೇ ವಾರದ ಕೊನೆಗೆ ಪ್ರಕರಣ ನಿಂತಲ್ಲೇ ನಿಂತಿತು. ಬಿಳಿ ಮಚ್ಚೆ ಆರಿ ತೆಳು ಮಸುಕಷ್ಟೇ ಉಳಿದಿತ್ತು, ಹರ್ಪಿಸ್‌ನ ಅಂಕುಡೊಂಕು ಅಂಚೂ ಹೋಗಿತ್ತು. ಆದರೆ ನಡುವೆ 3 ಮಿ.ಮೀ.ನ ಅಂಡಾಕಾರದ ಹುಣ್ಣು ಮುಚ್ಚದೆ ಉಳಿಯಿತು. ತಳ ಶುಭ್ರ, ಅಂಚು ನುಣುಪಾಗಿ ಸುರುಳಿ ಸುತ್ತಿಕೊಂಡಂತೆ. ಅಲ್ಲಿ ಸೋಂಕೂ ಇರಲಿಲ್ಲ, ನೋವೂ ಇರಲಿಲ್ಲ. ಇದು ನ್ಯೂರೋಟ್ರೋಫಿಕ್ ಹುಣ್ಣು, ನರ ಸತ್ತ ಕಾರ್ನಿಯಾ ತನ್ನನ್ನು ತಾನೇ ಹೊಲಿದುಕೊಳ್ಳಲಾರದ ಸ್ಥಿತಿ. ಸೋಂಕು ಉಳಿದಿದೆಯೆಂದು ತಿಳಿದು ಇಲ್ಲಿ ಆ್ಯಂಟಿಬಯಾಟಿಕ್ ಏರಿಸುವುದು ಎಷ್ಟೋ ಕಣ್ಣುಗಳನ್ನು ಕೆಡಿಸಿದೆ. ಇದಕ್ಕೆ ಬೇಕಾದದ್ದು ಮದ್ದು ಇಳಿಸುವುದು. ಮತ್ತೊಮ್ಮೆ ಕೆರೆದು ನೋಡಿ, ತಟ್ಟೆಯಲ್ಲಿ ಏನೂ ಬೆಳೆಯದ್ದನ್ನು ಖಾತ್ರಿ ಮಾಡಿಕೊಂಡ ಮೇಲೆ ಸೆಫಾಜೋಲಿನ್ ನಿಲ್ಲಿಸಿದೆವು. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು ಗಂಟೆಗೊಂದು, ಮಾತ್ರೆಯ ಅಸೈಕ್ಲೋವಿರ್ ಮುಂದುವರಿಕೆ, ಇಷ್ಟೇ.

ಇಂಥ ಹುಣ್ಣಿಗೆ ರೋಗಿಯದೇ ರಕ್ತದ ಸೀರಂನಿಂದ ಮಾಡಿದ ಹನಿ ಇದೆ. ನರಗಳನ್ನು ಬೆಳೆಸುವ ಪ್ರೋಟೀನಿನ ಹನಿ ಸೆನೆಗರ್ಮಿನ್ ಇದೆ. ಅಮೆರಿಕದಲ್ಲಿ ಅದಕ್ಕೆ 2018ರಲ್ಲಿ ಒಪ್ಪಿಗೆ ಸಿಕ್ಕಿತು, ದಿನಕ್ಕೆ ಆರು ಸಲದಂತೆ ಎಂಟು ವಾರ ಹಾಕಬೇಕು. ಬ್ಯಾಂಡೇಜ್ ಲೆನ್ಸ್ ಹಾಕುವ ವಾಡಿಕೆಯೂ ಇದೆ, ಆದರೆ ಆಗಷ್ಟೇ ಬ್ಯಾಕ್ಟೀರಿಯಾ ಸೋಂಕಿನಿಂದ ಎದ್ದ, ನೋವೇ ತಿಳಿಯದ ಕಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಿಡುವ ಧೈರ್ಯ ನನಗಿರಲಿಲ್ಲ. ರೆಪ್ಪೆಗಳ ಹೊರಮೂಲೆಯನ್ನು ಮೂರನೇ ಒಂದು ಭಾಗದಷ್ಟು ಹೊಲಿದು ಕಣ್ಣಿನ ಬಾಯಿ ಕಿರಿದು ಮಾಡುವ ಟಾರ್ಸೋರಾಫಿಯನ್ನು ಆರಿಸಿಕೊಂಡೆವು. ಹಳೆಯ ವಿದ್ಯೆ, ನೋಡಲು ಚಂದವಿಲ್ಲ, ರೋಗಿಗಳು ಬೇಗ ಒಪ್ಪುವುದೂ ಇಲ್ಲ. ಅವರ ಮೊದಲ ಮಾತೇ 'ಹೊಲಿದುಬಿಟ್ಟರೆ ಜನರ ಮುಂದೆ ಹೇಗೆ ಹೋಗಲಿ?' ಎಂಬುದಾಗಿತ್ತು. ಬಿಚ್ಚಬಹುದಾದ ಹೊಲಿಗೆಯೆಂದು ತಿಳಿಹೇಳಿದ ಮೇಲೆ ಒಪ್ಪಿದರು. ಮೂರು ವಾರದಲ್ಲಿ ಹುಣ್ಣು ಪೂರ್ತಿ ಮುಚ್ಚಿತು.

ಆಮೇಲೆ ಉಳಿದದ್ದು ಸ್ಟೀರಾಯ್ಡ್‌ನ ಪ್ರಶ್ನೆ, ಕೇಡಿಗೆ ಕಾರಣವಾದ ಅದೇ ಮದ್ದಿನದು. ಸ್ಟ್ರೋಮಾದಲ್ಲಿ ಉರಿಯೂತ ಇನ್ನೂ ಇತ್ತು, ಬಿಟ್ಟರೆ ಕಲೆ ದಟ್ಟವಾಗುತ್ತದೆ. ಬ್ಯಾಕ್ಟೀರಿಯಾ ಹುಣ್ಣುಗಳಲ್ಲಿ ಸ್ಟೀರಾಯ್ಡ್ ನೆರವಾಗುತ್ತದೆಯೇ ಎಂದು 500 ರೋಗಿಗಳ ಮೇಲೆ ನಡೆದ ಸ್ಕಟ್ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಒಟ್ಟಾರೆ ಮೂರು ತಿಂಗಳ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಹರ್ಪಿಸ್ ಕಣ್ಣುಗಳನ್ನು ಅದರಲ್ಲಿ ಸೇರಿಸಿಕೊಂಡೇ ಇರಲಿಲ್ಲ, ಹಾಗಾಗಿ ಇವರ ವಿಷಯದಲ್ಲಿ ಅದು ದಾರಿ ತೋರದು. ಹರ್ಪಿಸ್‌ನ ಮೇಲೆಯೇ ನಡೆದ ಹೆಡ್ಸ್ ಅಧ್ಯಯನಗಳು ಬೇರೆ ಮಾತು ಹೇಳುತ್ತವೆ: ವೈರಸ್ ಮದ್ದಿನ ಕಾವಲಿನಲ್ಲಿ ಕೊಟ್ಟ ಸ್ಟೀರಾಯ್ಡ್ ಹನಿ ಸ್ಟ್ರೋಮಾದ ಉರಿಯೂತ ಉಳಿಯುವ ಅಥವಾ ಹೆಚ್ಚುವ ಅಪಾಯವನ್ನು ಶೇ. 68ರಷ್ಟು ಇಳಿಸಿತು. ಅಂದರೆ ಪ್ರಶ್ನೆ ಕೊಡಬೇಕೇ ಬಾರದೇ ಎಂಬುದಕ್ಕಿಂತ ಯಾವಾಗ, ಯಾವ ಕಾವಲಿನಲ್ಲಿ ಎಂಬುದು. ಮೇಲ್ಪದರ ಮುಚ್ಚಿ ಎರಡು ವಾರ ಹಾಗೇ ಉಳಿದದ್ದನ್ನು ನೋಡಿ, ಅಸೈಕ್ಲೋವಿರ್ ಮಾತ್ರೆಯ ಜೊತೆಗೆ, ತೆಳುವಾದ ಪ್ರೆಡ್ನಿಸೊಲೋನ್ ಹನಿ ದಿನಕ್ಕೆರಡು ಸಲ ಕೊಟ್ಟು, ವಾರಕ್ಕೊಮ್ಮೆ ಬಣ್ಣ ಹಾಕಿ ನೋಡುತ್ತ, ನಿಧಾನವಾಗಿ ಇಳಿಸಿದೆವು. ಬಾಟಲಿ ಮುಗಿದ ಮೇಲೆ ಖಾಲಿ ಬಾಟಲಿಯನ್ನು ತಂದು ತೋರಿಸಬೇಕೆಂದು ಮಗಳಿಗೆ ಹೇಳಿದ್ದೆ. ಪ್ರತಿ ಸಲವೂ ಅವರು ತಪ್ಪದೆ ತಂದರು.

ಆರು ತಿಂಗಳ ಹೊತ್ತಿಗೆ ಕನ್ನಡಕದ ಜೊತೆ ದೃಷ್ಟಿ 6/18. ಕಲೆ ಇದೆ, ಕಾರ್ನಿಯಾ ಆ ಜಾಗದಲ್ಲಿ ತುಸು ತೆಳುವಾಗಿದೆ. ಕಾರ್ನಿಯಾ ಕಸಿ ಮಾಡಿದರೆ ಇನ್ನೂ ಚೆನ್ನಾಗಿ ಕಾಣಬಹುದೇ ಎಂದು ಕೇಳಿದರು. ಸಂವೇದನೆಯಿಲ್ಲದ ಕಣ್ಣಿನಲ್ಲಿ ಹೊಸ ಕಾರ್ನಿಯಾದ ಮೇಲ್ಪದರವೂ ಹೀಗೆಯೇ ನರಳುತ್ತದೆ, ಕಸಿಯಾದ ಮೇಲೆ ಹರ್ಪಿಸ್ ಮರುಕಳಿಸುವುದೂ ಉಂಟು. 6/18 ಇರುವ ಕಣ್ಣನ್ನು ಆ ಪಣಕ್ಕೆ ಒಡ್ಡುವುದು ಸರಿಯಲ್ಲವೆಂದು ಸದ್ಯಕ್ಕೆ ಬೇಡವೆಂದೆ.

ಅಸೈಕ್ಲೋವಿರ್ 400 ಮಿ.ಗ್ರಾಂ. ದಿನಕ್ಕೆರಡು ಸಲ ಮುಂದುವರಿದಿದೆ. 703 ರೋಗಿಗಳ ಹೆಡ್ಸ್ ಅಧ್ಯಯನದಲ್ಲಿ ಹೀಗೆ ಒಂದು ವರ್ಷ ತೆಗೆದುಕೊಂಡವರಲ್ಲಿ ಕಣ್ಣಿನ ಹರ್ಪಿಸ್ ಮರುಕಳಿಸಿದ್ದು ಶೇ. 19 ಮಂದಿಗೆ, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇ. 32 ಮಂದಿಗೆ. ರೆಪ್ಪೆಯ ಹೊಲಿಗೆಯಲ್ಲಿ ಅರ್ಧ ಬಿಚ್ಚಿದ್ದೇವೆ. ನೋವು ಬಂದರೆ ಬನ್ನಿ ಎಂಬ ಮಾತನ್ನು ಇವರಿಗೆ ಹೇಳುವಂತಿಲ್ಲ, ಅದು ಬರುವುದೇ ಇಲ್ಲ. ದಿನಾ ಬೆಳಗ್ಗೆ ಮಗಳು ಟಾರ್ಚ್ ಬಿಟ್ಟು ಕರಿಗುಡ್ಡೆಯ ಮೇಲೆ ಹೊಸ ಬಿಳಿಚುಕ್ಕೆ ಇದೆಯೇ ನೋಡುವುದು, ರೆಪ್ಪೆ ಅಂಟಿಕೊಂಡಿದ್ದರೆ ಅಥವಾ ಎಡಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದುವಾಗ ನಿನ್ನೆಗಿಂತ ಮಬ್ಬೆನಿಸಿದರೆ ಅಂದೇ ಬರುವುದು, ಯಾರು ಕೊಟ್ಟರೂ ತೆರೆದ ಬಾಟಲಿಯ ಹನಿ ಹಾಕದಿರುವುದು ಎಂದು ಬರೆದುಕೊಟ್ಟಿದ್ದೇವೆ. ಮುಂದಿನ ತಪಾಸಣೆ ಆರು ವಾರಕ್ಕೆ.